ಕಬನ್ಯಾಲ್‌ಗೆ ಒಂದು ದಿನ ಎತ್ತಿಡು

ಪ್ರೀತಿಯ ಗೆಳೆಯಾ,

ಸ್ಪೇನಿಗೆ, ಅದೂ ನಮ್ಮ ವಲೆನ್ಸಿಯಾಕ್ಕೆ ಬರ್ತೀನಿ ಅಂತ ಬರೆದಿದ್ದೀಯ, ಖುಷಿಯಾಯ್ತು. ನಿನ್ನ ಪಟ್ಟಿಯಲ್ಲಿರುವ ಅಕ್ವೇರಿಯಂ, ಮ್ಯೂಸಿಯಂ ಎಲ್ಲ ನೋಡು, ಬೇಡ ಅನ್ನಲ್ಲ. ಆದರೆ ಒಂದು ಪೂರ್ತಿ ದಿನ ಕಬನ್ಯಾಲ್‌ಗೆ ಎತ್ತಿಡು. ಗುರುವಾರವಾದರೆ ಇನ್ನೂ ಒಳ್ಳೆಯದು, ಅವತ್ತು ಅಲ್ಲಿನ ಮಾರ್ಕೆಟ್ಟಿನ ಸುತ್ತ ಸಂತೆ ಸೇರುತ್ತದೆ.

ಇದು ಕಡಲ ಪಕ್ಕದ ಹಳೇ ಮೀನುಗಾರರ ಕೇರಿ. 1897ರವರೆಗೆ ವಲೆನ್ಸಿಯಾಕ್ಕೆ ಸೇರಿರಲೇ ಇಲ್ಲ, ತನ್ನದೇ ಪುರಸಭೆ ಇದ್ದ ಬೇರೆ ಊರು. ಮೊದಲು ಇಲ್ಲಿದ್ದದ್ದು ಹುಲ್ಲು ಹೊದೆಸಿದ ಗುಡಿಸಲುಗಳು, ದಂಡೆಯುದ್ದಕ್ಕೂ ಸಾಲುಸಾಲು. ಬೆಂಕಿ ಬಿದ್ದು ಮತ್ತೆ ಮತ್ತೆ ಸುಟ್ಟುಹೋದವು. ಆಮೇಲೆ ಅದೇ ಕಿರಿದಾದ ಜಾಗಗಳಲ್ಲಿ ಇಟ್ಟಿಗೆ ಮನೆಗಳು ಎದ್ದವು. ಹಾಗಾಗಿ ಇವತ್ತಿಗೂ ಉದ್ದನೆಯ ಬೀದಿಗಳೆಲ್ಲ ಕಡಲಿನ ಜೊತೆಜೊತೆಗೇ ಓಡುತ್ತವೆ. ಅಡ್ಡಬೀದಿಗೆ ತಿರುಗಿದರೆ ಸಾಕು, ಉಪ್ಪುಗಾಳಿ ಮುಖಕ್ಕೆ ಬಡಿಯುತ್ತದೆ.

ಬಾರಾಕಾ ಬೀದಿ, ರೈನಾ ಬೀದಿ, ಎಸ್ಕಲಾಂತೆ ಬೀದಿ, ಈ ಮೂರರಲ್ಲಿ ನಿಧಾನಕ್ಕೆ ನಡೆ. ಮನೆಗಳ ಮುಖಕ್ಕೆಲ್ಲ ಬಣ್ಣದ ಟೈಲ್ಸ್. ಅಂದಕ್ಕೂ ಹೌದು, ಗೋಡೆಯನ್ನು ತೇವದಿಂದ ಕಾಯೋಕೂ ಹೌದು. ಒಂದು ಮನೆಗೆ ಹಸಿರು-ಬಿಳಿ, ಪಕ್ಕದ್ದಕ್ಕೆ ನೀಲಿ, ಅದರಾಚೆ ಇಟ್ಟಿಗೆ ಕೆಂಪು. ಪೇಟೆಯ ಶ್ರೀಮಂತರು ಆಗ ಕಟ್ಟಿಸುತ್ತಿದ್ದ ಅಲಂಕಾರದ ಕಟ್ಟಡಗಳನ್ನು ನೋಡಿ, ಮೀನುಗಾರರು ತಮ್ಮ ಕಿಸೆಗೆ ಎಟುಕುವಂತೆ ಮಾಡಿಕೊಂಡ ಸೊಗಸು ಇದು. ನನಗಂತೂ ಶ್ರೀಮಂತರದ್ದಕ್ಕಿಂತ ಇದೇ ಜಾಸ್ತಿ ಇಷ್ಟ. ಬಾಗಿಲ ಹತ್ತಿರ ಹೋಗಿ ನೋಡು. ಒಡೆದ ಕಡೆ ಬೇರೆ ವಿನ್ಯಾಸದ ಟೈಲ್ ಅಂಟಿಸಿರುತ್ತಾರೆ, ಹೂವಿನ ಅರ್ಧ ಒಂದು ಬಣ್ಣ, ಇನ್ನರ್ಧ ಇನ್ನೊಂದು. ಯಾರೂ ತಲೆ ಕೆಡಿಸಿಕೊಂಡ ಹಾಗೆ ಕಾಣಲ್ಲ.

ದೋಣಿಗಳನ್ನು ಮರಳಿನ ಮೇಲೆಳೆಯೋಕೆ ಇಲ್ಲಿ ಎತ್ತುಗಳಿದ್ದವು. ಅವನ್ನು ಕಟ್ಟುತ್ತಿದ್ದ ಕಟ್ಟಡ ಈಗಲೂ ಇದೆ, ಹೆಸರು 'ಕಾಸಾ ದೆಲ್ಸ್ ಬೌಸ್'. ಸೊರೊಯ್ಯಾ ಎಂಬ ಚಿತ್ರಕಾರ ಆ ಎತ್ತುಗಳನ್ನು ಬರೆದೇ ಹೆಸರು ಮಾಡಿದ. ನೀನು ಮ್ಯಾಡ್ರಿಡ್‌ನಿಂದ ಬಂದಿಳಿಯುವ ರೈಲು ನಿಲ್ದಾಣಕ್ಕೂ ಅವನದೇ ಹೆಸರು.

ಅಲ್ಲಲ್ಲಿ ಖಾಲಿ ಸೈಟುಗಳು, ಹಲ್ಲು ಬಿದ್ದ ಹಾಗೆ. ಅದಕ್ಕೊಂದು ಕಥೆ ಇದೆ. ಪೇಟೆಯಿಂದ ಬರುವ ಬ್ಲಾಸ್ಕೊ ಇಬಾನ್ಯೆಸ್ ಅವೆನ್ಯೂ ಕೇರಿಯ ಅಂಚಿಗೆ ಬಂದು ನಿಂತುಬಿಡುತ್ತದೆ. ಅದನ್ನು ಕಡಲಿನವರೆಗೆ ಒಯ್ಯಬೇಕು ಅಂತ 1998ರಲ್ಲಿ ನಗರಾಡಳಿತ ಯೋಜನೆ ಹಾಕಿತು. ಕೇರಿಯನ್ನು ಎರಡಾಗಿ ಸೀಳಿ, 1,600ಕ್ಕೂ ಹೆಚ್ಚು ಮನೆ ಕೆಡವುವ ಲೆಕ್ಕ. ತಮಾಷೆ ನೋಡು, ಅದಕ್ಕೆ ಐದೇ ವರ್ಷ ಮೊದಲು ಇದನ್ನೇ ಪಾರಂಪರಿಕ ತಾಣ ಅಂತ ಘೋಷಿಸಿದ್ದರು! ನಗರಾಡಳಿತದವರು ತಾವು ಕೊಂಡ ಮನೆಗಳ ಬಾಗಿಲಿಗೆ ಇಟ್ಟಿಗೆ ಕಟ್ಟಿದರು, ಕೆಲವನ್ನು ಕೆಡವಿದರು. ಜನ 'ಸಾಲ್ವೆಮ್ ಎಲ್ ಕಬನ್ಯಾಲ್', ಅಂದರೆ 'ಕಬನ್ಯಾಲ್ ಉಳಿಸೋಣ' ಅಂತ ಸಂಘಟನೆ ಕಟ್ಟಿದರು. ತಮ್ಮ ಮನೆಗಳನ್ನೇ ತೆರೆದು ಒಳಗೆ ಕಲಾ ಪ್ರದರ್ಶನ ಇಟ್ಟರು. ಕೆಡವೋದು ಬೇಕಾ ಅಂತ ಊರವರೇ ಒಳಗೆ ಬಂದು ನೋಡಿ ಹೇಳಲಿ ಅಂತ. 2010ರ ಹೊತ್ತಿಗೆ ಕೇಂದ್ರದ ಸಂಸ್ಕೃತಿ ಇಲಾಖೆ ಅಡ್ಡ ಬಂತು. 2015ರಲ್ಲಿ ನಗರದ ಅಧಿಕಾರ ಬದಲಾಯಿತು, ಯೋಜನೆಯೂ ಬಿದ್ದುಹೋಯಿತು.

ಈಗ ಜೆಸಿಬಿ ಕಾಟ ಇಲ್ಲ, ಬಾಡಿಗೆಯ ಕಾಟ. ಟೈಲ್ಸ್ ಚೆಂದ ಅಂತ ಬಂದವರಿಗೇ ಮನೆಗಳು ಹೋಗುತ್ತಿವೆ, ಬಾಗಿಲಿಗೆ ನಂಬರ್ ಒತ್ತುವ ಬೀಗದ ಡಬ್ಬಿ ಕಂಡರೆ ಅದು ಪ್ರವಾಸಿ ಮನೆ ಅಂದುಕೋ. ಅದಕ್ಕೇ ಹೇಳ್ತಿದೀನಿ, ನೀನು ರೂಮು ಬೇರೆ ಕಡೆ ಮಾಡು. ನನ್ನ ಸೋಫಾ ಇದ್ದೇ ಇದೆ.

ತಿಂಡಿ ವಿಷಯ. ಬೆಳಿಗ್ಗೆ ಹತ್ತರ ಮೇಲೆ ಇಲ್ಲಿ 'ಎಸ್ಮೊರ್ಸಾರ್' ಅಂತ ಇನ್ನೊಂದು ತಿಂಡಿ. ಮೊದಲು ಶೇಂಗಾ, ಆಲಿವ್ ಕಾಯಿ, ಆಮೇಲೆ ಮೊಳದುದ್ದ ಬ್ರೆಡ್ಡಿನೊಳಗೆ ಏನಾದರೂ. ನೀನು ಸಸ್ಯಾಹಾರಿ, ಆಲೂಗಡ್ಡೆ ಆಮ್ಲೆಟ್ ಆದರೂ ತಿಂತೀಯಲ್ವಾ? ಕೊನೆಗೆ 'ಕ್ರೆಮಾಯೆಟ್': ರಮ್ಮಿಗೆ ಸಕ್ಕರೆ, ದಾಲ್ಚಿನ್ನಿ, ನಿಂಬೆ ಸಿಪ್ಪೆ ಹಾಕಿ ಬೆಂಕಿ ಹಚ್ಚಿ, ಮೇಲೆ ಕಾಫಿ ಸುರಿದು ಕೊಡುತ್ತಾರೆ. ನಮ್ಮ ಫಿಲ್ಟರ್ ಕಾಫಿಗೆ ಸಾಟಿಯಲ್ಲ, ಆದರೂ ಕುಡಿ.

ಈಸ್ಟರ್ ಹೊತ್ತಿಗೆ ಬರೋಕಾದರೆ ಬಾ. ಶನಿವಾರ ನಡುರಾತ್ರಿ ಇಲ್ಲಿನವರು ಬಾಲ್ಕನಿಯಿಂದ ಹಳೇ ಪಾತ್ರೆ-ತಟ್ಟೆಗಳನ್ನು ಬೀದಿಗೆ ಎಸೆದು ಒಡೆಯುತ್ತಾರೆ. ಗೋಡೆಗೆ ಒತ್ತಿ ನಿಲ್ಲಬೇಕು ಅಷ್ಟೇ. ಮೆಟ್ರೋದಲ್ಲಿ ಮಾರಿತೀಮ್ ಸ್ಟೇಷನ್‌ಗೆ ಬಂದು ಫೋನ್ ಮಾಡು, ಅಲ್ಲಿಂದ ನಡೆದುಕೊಂಡೇ ಹೋಗೋಣ. ಟಿಕೆಟ್ ಬುಕ್ ಮಾಡಿದ ಕೂಡಲೇ ತಾರೀಕು ತಿಳಿಸು, ನಾನೂ ರಜೆ ಹಾಕಬೇಕು.

ನಿನ್ನ ಗೆಳೆಯ