ಪೈಲ್ಸ್ ಬಗ್ಗೆ, ನಾಚಿಕೆ ಬಿಟ್ಟು

ಮಹಾರಾಜ ಪಾರ್ಕ್ ವಾಕಿಂಗ್ ಬಳಗದವರಿಗೆ ನಮಸ್ಕಾರ. ನಿನ್ನೆ ಕಲ್ಲುಬೆಂಚಿನ ಮೇಲೆ ಕೂರೋಕೆ ಇಬ್ಬರು ಹಿಂದೇಟು ಹಾಕಿದರು. ಕಾರಣ ಗೊತ್ತಾಯಿತಲ್ವಾ? ನನಗೂ ಆಗಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಮಲ ಗಟ್ಟಿಯಾಗಿ ತಿಣುಕಿದಾಗ ಗುದದ ರಕ್ತನಾಳಗಳು ಊದಿಕೊಳ್ಳುತ್ತವೆ. ಹಾಗಾಗಿ ಮೊದಲು ಹೊಟ್ಟೆ ಸಲೀಸಾಗಬೇಕು. ದಿನಕ್ಕೆ 25ರಿಂದ 30 ಗ್ರಾಂ ನಾರಿನಂಶ ಬೇಕು. ರಾಗಿಮುದ್ದೆ, ಸೊಪ್ಪಿನ ಸಾರು, ಮೊಳಕೆ ಹೆಸರುಕಾಳು, ಸೀಬೆಹಣ್ಣು ಇದ್ದರೆ ಚಿಂತೆಯಿಲ್ಲ. ಒಂದೇ ದಿನ ಜಾಸ್ತಿ ಮಾಡಬೇಡಿ, ಗ್ಯಾಸ್ ಆಗುತ್ತದೆ. ಇಸಬ್ಗೋಲ್ (ನಾರಿನಂಶಕ್ಕಾಗಿ ನೀರಲ್ಲಿ ಬೆರೆಸಿ ಕುಡಿಯುವ ಹೊಟ್ಟು) ತೆಗೆದುಕೊಂಡರೆ ತುಂಬಾ ನೀರು ಕುಡಿಯಲೇಬೇಕು.

ಶೌಚಕ್ಕೆ ಮೊಬೈಲ್ ಒಯ್ಯಬೇಡಿ! ಈ ಗುಂಪಿನ ಅರ್ಧ ಗುಡ್ ಮಾರ್ನಿಂಗ್ ಅಲ್ಲಿಂದಲೇ ಬರುತ್ತೆ ಅಂತ ನನಗೆ ಅನುಮಾನ. ಕಮೋಡ್ ಆದರೆ ಕಾಲಡಿ ಒಂದು ಮಣೆ ಇಟ್ಟುಕೊಳ್ಳಿ. ಒತ್ತಡ ಬಂದಾಗ ತಡೆಯಬೇಡಿ.

ಉರಿ, ನೋವಿಗೆ ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ 10–15 ನಿಮಿಷ ಕೂರಿ, ದಿನಕ್ಕೆ ಎರಡು ಮೂರು ಸಲ. ಸೋಪು ಬೇಡ.

ರಕ್ತ ಕಂಡರೆ ಸುಮ್ನೆ ಪೈಲ್ಸ್ ಅಂದುಕೊಳ್ಳದೆ ಡಾಕ್ಟರಿಗೆ ತೋರಿಸಿ. 'ಸುಟ್ಟು ಉದುರಿಸುತ್ತೇವೆ' ಎನ್ನುವ ಬೋರ್ಡುಗಳ ಹತ್ತಿರ ಹೋಗಬೇಡಿ.

ಕೇಳೋದಿದ್ದರೆ ಗುಂಪಲ್ಲಿ ಬೇಡ, ನನಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿ.