ವೈನಿ ಪಾಟ್ಲಿ ಅಡವಿಡಬ್ಯಾಡ, ಮೊದಲ ರೋಬೋಟ ತೂಗು

ನಾಗೋಯಾ
ಡಿಸೆಂಬರ್ 3

ಅಣ್ಣಾ,

ನಮಸ್ಕಾರ. ನಾ ಇಲ್ಲೆ ಆರಾಮ ಇದ್ದೀನಿ, ಅವ್ವಗ ಹೇಳು. ಅಪ್ಪಾರ ಪತ್ರ ಮುಟ್ಟಿತು. ತೊಗರಿ ಸುದ್ದಿ ನಾಕ ಸಾಲ, ಉಳಿದದ್ದೆಲ್ಲಾ ನಿಂದ. ಹುಬ್ಬಳ್ಳಿ ಸ್ಪರ್ಧಾಕ್ಕ ನಿನ್ನ ಹುಡುಗರು ಕಟ್ಟೂ ನಾಕ ಕಾಲಿನ ನಡಿಯೂ ಗೊಂಬಿ, ಅಂದ್ರ ರೋಬೋಟಿನ ಮೋಟಾರ ಸುಟ್ಟವಂತ, ಹೊಸಾವ ತರಸಲಿಕ್ಕೆ ನೀ ವೈನಿ ಪಾಟ್ಲಿ ಪತ್ತಿನ ಸಂಘದಾಗ ಅಡವಿಡ್ಲಿಕ್ಕೆ ಹೊಂಟೀಯಂತ, ವೈನಿ ಬಾಯಿ ಬಿಟ್ಟು ಏನೂ ಅನ್ನವಲ್ಲರಂತ. ಕೊಟೇಶನ್ನಿನ ಝೆರಾಕ್ಸನೂ ಲಕೋಟಿಯೊಳಗ ಇಟ್ಟಾರ: ಸ್ಮಾರ್ಟ್ ಸರ್ವೋ (ಹೇಳಿದ ಕೋನಕ್ಕ ತಿರುಗಿ ನಿಲ್ಲೂ ಮೋಟಾರ) ಒಂದಕ್ಕ 5,800 ರೂಪಾಯಿ, ಎರಡ ತಂಡಕ್ಕ 24, ಒಟ್ಟ 1,39,200.

ಬ್ಯಾಡ. ಫೋನಿನಾಗ ಹೇಳಿದ್ರ ನೀ "ಹೂಂ, ನೋಡೂಣು" ಅಂತ ಮಾತ ಮುಗಸ್ತಿ. ಅದಕ್ಕ ಲೆಕ್ಕ ಕಾಗದದ ಮ್ಯಾಲ ಹಾಕಿ ಕಳಸ್ತೀನಿ. ಹುಡುಗರ ಮುಂದ ಇಟ್ಟು ಓದು.

ಮೊದಲ, ಮೋಟಾರ ಯಾಕ ಸುಟ್ಟವು ಅನ್ನೂದು. ನಿನ್ನ ಹುಡುಗ ಗುರುಬಸು ಕಳಿಸಿದ ಅಳತಿ ಪ್ರಕಾರ ರೋಬೋಟಿನ ತೂಕ 3.1 ಕೆಜಿ, ಪಾದ ತೊಡಿ ಜಾಯಿಂಟಿನಿಂದ 9 ಸೆಂ.ಮೀ. ಹೊರಗ ಅದ. ಒಂದ ಕಾಲ ಎತ್ತಿದಾಗ ಭಾರ ಉಳಿದ ಮೂರರ ಮ್ಯಾಲ ಸಮ ಹಂಚತದ ಅಂತ ಹುಡುಗರು ತಿಳಕೊಂಡಾರ. ಹಂಗ ಆಗೂದಿಲ್ಲ, ಎದುರುಬದುರು ಮೂಲಿಯ ಎರಡ ಕಾಲಿನ ಮ್ಯಾಲೇ ಹೆಚ್ಚಿಂದು ಬೀಳತದ. ಅಂದ್ರ ಒಂದ ಕಾಲಿಗೆ ಅರ್ಧ ತೂಕ ಹಿಡೀಬೇಕು, 1.55 ಕೆಜಿ. ಅದನ್ನ 9ರಿಂದ ಗುಣಿಸಿದ್ರ ಹತ್ರ ಹತ್ರ 14 ಕೆಜಿ-ಸೆಂ.ಮೀ. ನೀವು ಹಚ್ಚಿದ ಎಂಜಿ996ಆರ್ ಸರ್ವೋದ ಸ್ಟಾಲ್ ಟಾರ್ಕ್ (ತಿರುಗಿಸೂ ಬಲ) 6 ವೋಲ್ಟಿಗೆ 11. ಸ್ಟಾಲ್ ಅಂದ್ರ ಮೋಟಾರ ತಿರುಗಲಾರದ ನಿಂತಲ್ಲೇ ಸುಡೂ ಅಂಚು. ನಡಸಲಿಕ್ಕೆ ಅದರ ಅರ್ಧಕ್ಕಿಂತ ಹೆಚ್ಚ ಲೆಕ್ಕ ಹಿಡೀಬಾರದು. ಅಂದ್ರ 5.5 ಇರೂ ಕಡೆ ನಿಮ್ಮವರು 14 ಹೇರ್ಯಾರ. ಮೋಟಾರಿಂದ ಏನ ತಪ್ಪು?

ನೀ ತರಸೂ ದುಬಾರಿ ಮೋಟಾರಿಗೂ ಆ ಕೊಟೇಶನ್ನಿನ್ಯಾಗ 15 ಅಂತೇ ಬರದದ. 14ರ ಭಾರಕ್ಕ ಅದೂ ಬಿಸಿ ಆಗಿ, ಒಳಗಿನ ರಕ್ಷಣಾ ಸರ್ಕೀಟಿನಿಂದ ತಾನ ಬಂದ್ ಆಗತದ. ಸುಡೂದಿಲ್ಲ, ಖರೆ. ನಡಿಯೂದೂ ಇಲ್ಲ. ಪಾಟ್ಲಿ ಹೋಗಿರತದ, ರೋಬೋಟ ಕುಂತಲ್ಲೇ ಕುಂತಿರತದ.

ಅದಕ್ಕ ರೊಕ್ಕ ಹೆಚ್ಚ ಮಾಡೂದಲ್ಲ, ತೂಕ ಕಡಿಮಿ ಮಾಡೂದು. ಗೋಡಿ ಮ್ಯಾಲ ಒಂದ ಹಾಳಿ ಹಚ್ಚಿ ತೂಕದ ಬಜೆಟ್ ಬರಸು. ಸರ್ವೋ 12, ಒಂದಕ್ಕ 55 ಗ್ರಾಂ, 660. ಬ್ಯಾಟರಿ 120. ಮೈ ಮತ್ತ ಕಾಲಿನ ಪಟ್ಟಿ 450. ಬೋರ್ಡು 150. ವೈರು, ನಟ್ಟು ಬೋಲ್ಟು 200. ಒಟ್ಟ 1,580 ಗ್ರಾಂ. ಪಾದ ಜಾಯಿಂಟಿನಿಂದ 5 ಸೆಂ.ಮೀ.ಗೆ ತಂದ್ರ ಒಂದ ಕಾಲಿಗೆ ಬರೂದು 4 ಕೆಜಿ-ಸೆಂ.ಮೀ. ನಾನೂರು ರೂಪಾಯಿ ಒಳಗಿನ ಸರ್ವೋ ಇದನ್ನ ದಿನಾ ಹೊರತದ. ನಟ್ಟು ಬೋಲ್ಟ ಹುಡುಗರು ಎಂದೂ ಲೆಕ್ಕಕ್ಕ ಹಿಡಿಯೂದಿಲ್ಲ, ಉದ್ದ ಬೋಲ್ಟ ಹಾಕಿ ಬಿಟ್ಟಬಿಡತಾರ. ವಾರಕ್ಕೊಮ್ಮೆ ಕಿರಾಣಿ ತಕ್ಕಡಿ ಮ್ಯಾಲ ಇಟ್ಟು ತೂಗ್ರಿ, ಹೆಚ್ಚಾದ್ರ ಅವತ್ತ ಬ್ಯಾರೆ ಕೆಲಸ ಇಲ್ಲ.

ಪಟ್ಟಿಗೆ ಅಕ್ರಿಲಿಕ್ ಬ್ಯಾಡ, ತೂತಿನ ಕಡೆ ಸೀಳತದ. ಗಾಂಧಿ ಚೌಕದ ಸುತ್ತ ಅಂಗಡಿ ಬೋರ್ಡ ಮಾಡೂ ಮಂದಿ ಹತ್ರ 3 ಮಿ.ಮೀ. ಎಸಿಪಿ (ಅಲ್ಯುಮಿನಿಯಂ ನಡುವ ಪ್ಲಾಸ್ಟಿಕ್ ಇರೂ) ಶೀಟಿನ ತುಂಡ ಬಿದ್ದಿರತಾವ. ಹಗುರ, ಗಟ್ಟಿ, ಕತ್ತರಸಲಿಕ್ಕೂ ಸುಲಭ. 3ಡಿ ಪ್ರಿಂಟ್ ಮಾಡಸೂದಿದ್ರ ಪಿಎಲ್‌ಎ ಬ್ಯಾಡ, ಪಿಇಟಿಜಿ ಮಾಡಸು. ಪಿಎಲ್‌ಎ 60 ಡಿಗ್ರಿ ಹತ್ರ ಮೆತ್ತಗ ಆಗತದ. ಬಿಸಿ ಮೋಟಾರಿಗೆ ಹತ್ತಿದ ಬ್ರಾಕೆಟ್ಟ ಸೊಟ್ಟ ಆಗಲಿಕ್ಕೆ ನಮ್ಮೂರ ಬಿಸಲೂ ಬೇಕಾಗಿಲ್ಲ.

ಸರ್ವೋ ಅಂಗಡಿಯಿಂದ ತಂದ ಕೂಡಲೇ ಹಚ್ಚಬ್ಯಾಡ್ರಿ. ನಕಲಿ ಬಾಳ ಅವ. ಒಂದೊಂದನ್ನೂ ತೂಗ್ರಿ, 55 ಗ್ರಾಂಗಿಂತ ಬಾಳ ಹಗುರ ಇದ್ರ ವಾಪಸ್. ಆಮ್ಯಾಲ 10 ಸೆಂ.ಮೀ. ಪಟ್ಟಿ ಹಚ್ಚಿ ತುದಿಗೆ ಅರ್ಧ ಕೆಜಿ ಸಕ್ರಿ ಪಾಕೀಟ ಕಟ್ಟಿ ಎರಡ ನಿಮಿಷ ಎತ್ತಿ ಹಿಡಸ್ರಿ. ಅದು 5 ಕೆಜಿ-ಸೆಂ.ಮೀ. ಮೈ ಮುಟ್ಟಲಾರದಷ್ಟ ಬಿಸಿ ಆದ್ರ, ಇಲ್ಲಾ ಗುಂಯ್‌ಗುಟ್ಟಿ ಕೆಳಗ ಇಳದ್ರ, ಅದನ್ನೂ ವಾಪಸ್ ಮಾಡ್ರಿ. 12ಕ್ಕ 16 ತರಸು.

ಹಾರ್ನ್, ಅಂದ್ರ ಸರ್ವೋ ಶಾಫ್ಟಿಗೆ ಕೂಡೂ ತೋಳು, ಪ್ಲಾಸ್ಟಿಕ್ಕಿಂದು ಬ್ಯಾಡ, ಒಳಗಿನ ಹಲ್ಲ ಸವದು ಜಾರತದ, ಅಲ್ಯುಮಿನಿಯಂದು ಹಚ್ಚು. ಶಾಫ್ಟಿಗೆ 25 ಹಲ್ಲ ಇರೂದರಿಂದ ಹಾರ್ನ್ 14.4 ಡಿಗ್ರಿಗೊಂದ ಜಾಗಾದಾಗಷ್ಟ ಕೂಡತದ. ಮೊದಲ ಸರ್ವೋಗ 1,500 ಮೈಕ್ರೊಸೆಕೆಂಡ್ ಪಲ್ಸ್ ಕೊಟ್ಟು ನಡುವ ನಿಲ್ಲಿಸಿ, ಆಮ್ಯಾಲ ಹಾರ್ನ್ ಕುಂಡ್ರಸಬೇಕು. ಉಳಿದ ವ್ಯತ್ಯಾಸ, ಹೆಚ್ಚಂದ್ರ ಏಳ ಡಿಗ್ರಿ, ಪ್ರೋಗ್ರಾಮಿನ್ಯಾಗ ಟ್ರಿಮ್ ಮಾಡಿ, ಅಂದ್ರ ಸರಿಹೊಂದಿಸಿ, ಬೋರ್ಡಿನ ಅಳಿಯಲಾರದ ನೆನಪು ಇಇಪಿರಾಮ್‌ದಾಗ ಉಳಿಸಬೇಕು. ಶಾಫ್ಟ್ ಮ್ಯಾಲ ಒಂದ ಕಡೆ ಆಧಾರದಾಗ ಕಾಲ ತೂಗಬಾರದು. ಎದುರಿನ ಕಡೆ ಎಂ3 ಬೋಲ್ಟಿಗೆ ಎಫ್623 ಬೇರಿಂಗ್ ಹಾಕಿ ಹಿಡಸು. ಇಲ್ಲಾಂದ್ರ ಕಾಲ ಒಳಗ ಬಾಗಿ, ಪಾದ ಪ್ರೋಗ್ರಾಮ್ ಹೇಳಿದಲ್ಲೆ ಬೀಳೂದಿಲ್ಲ. ಹುಡುಗರು ಇದನ್ನ ಕೋಡಿನ ತಪ್ಪ ಅಂತ ರಾತ್ರಿಗಟ್ಲೆ ಹುಡುಕತಾರ.

ಇನ್ನ ಕರೆಂಟು. ನಿಮ್ಮ 7.4 ವೋಲ್ಟ್ ಲಿಪೋ ಬ್ಯಾಟರಿ ಪೂರಾ ಚಾರ್ಜ್ ಆದಾಗ 8.4 ಇರತದ. ಈ ಸರ್ವೋದ ಮಿತಿ 7.2. ಫೋಟೊದಾಗ ನೋಡಿದ್ರ ಸೀದಾ ಹಚ್ಚ್ಯಾರ. ನಡುವ 6 ವೋಲ್ಟಿನ 20 ಆಂಪಿಯರ್ ಬಿಇಸಿ (ವೋಲ್ಟೇಜ್ ಇಳಿಸೂ ಮೋಡ್ಯೂಲ್) ಬೇಕು. ಎಲ್‌ಎಂ2596 ಮೋಡ್ಯೂಲ್ ಅಗ್ಗ ಅಂತ ಹಾಕಬ್ಯಾಡ್ರಿ, ಅದು 3 ಆಂಪಿಯರ್ ಸಾಮಾನು. ಸ್ಟಾಲ್ ಆದಾಗ ಒಂದ ಸರ್ವೋನೇ 2.5 ಎಳೀತದ. ಕಾಲ ಎತ್ತಿದ ಕೂಡಲೇ ಪ್ರೋಗ್ರಾಮ್ ಓಡಸೂ ಆರ್ಡುಯಿನೊ ಬೋರ್ಡ್ ರೀಸೆಟ್ ಆಗೂದು ಇದಕ್ಕ, ವೋಲ್ಟೇಜ್ ಕುಸೀತದ. ಬೋರ್ಡಿಗೆ ಬ್ಯಾರೆ 5 ವೋಲ್ಟ್ ಕೊಡ್ರಿ, ಗ್ರೌಂಡ್ ಮಾತ್ರ ಎರಡಕ್ಕೂ ಒಂದ ಇರಬೇಕು. ಸರ್ವೋಗಳಿಗೆ ಸಿಗ್ನಲ್ ಕೊಡೂ ಪಿಸಿಎ9685 ಬೋರ್ಡಿನ ತೆಳು ತಾಮ್ರದ ಗೆರಿ ಮ್ಯಾಲ ಎಲ್ಲಾ ಕರೆಂಟ್ ಹಾಯಿಸಬ್ಯಾಡ್ರಿ. ಮನಿ ವೈರಿಂಗಿನ 1.5 ಸ್ಕ್ವೇರ್ ತಂತಿಯಿಂದ ಬ್ಯಾರೆ ಸಾಲ ಎಳದು ಸರ್ವೋಗ ಕೊಡ್ರಿ, 2,200 ಮೈಕ್ರೊಫ್ಯಾರಡ್ 16 ವೋಲ್ಟಿನ ಕೆಪಾಸಿಟರ್ ಅಲ್ಲೇ ಹಚ್ಚ್ರಿ. ಲಿಪೋಗ ಸೆಲ್ಲಿಗೆ 3.5ಕ್ಕ ಕೂಗೂ ಅಲಾರ್ಮ್ ಕಡ್ಡಾಯ. ಉಬ್ಬಿದ ಬ್ಯಾಟರಿ ಮನ್ಯಾಗ ಇಟ್ಟಿದ್ರ ಇವತ್ತೇ ಹೊರಗ ತಗಿ, ಇದನ್ನ ಅಪ್ಪಾಗೂ ಹೇಳೀನಿ.

ನಡಗಿ ಸರಳ ಇರಲಿ. ಎಡ ಹಿಂದಿನ ಕಾಲು, ಎಡ ಮುಂದಿಂದು, ಬಲ ಹಿಂದಿಂದು, ಬಲ ಮುಂದಿಂದು, ಒಮ್ಮೆಗೆ ಒಂದ ಕಾಲ ಅಷ್ಟ ಎತ್ತೂದು. ಎತ್ತೂಕಿಂತ ಮೊದಲ ಮೈ ಸರಸಬೇಕು, ತೂಕದ ನಡು ಉಳಿದ ಮೂರ ಪಾದದ ತ್ರಿಕೋನದ ಒಳಗ ಎರಡ ಸೆಂ.ಮೀ. ಆದ್ರೂ ಬರಬೇಕು. ಮೈ ಸರಸಲಾರದ ಕಾಲ ಎತ್ತೂದ್ರಿಂದನ ನಿಮ್ಮದು ಮುಗ್ಗರಸೂದು. ಕೋನ ಒಮ್ಮೆಲೇ ಜಿಗಸಬಾರದು, 20 ಮಿಲಿಸೆಕೆಂಡಿಗೊಮ್ಮೆ ಸಣ್ಣ ಸಣ್ಣ ಬದಲಾವಣಿ ಕಳಸಬೇಕು. ಹೆಜ್ಜಿ 5 ಸೆಂ.ಮೀ. ಹಿಡಿ. ನಿಮ್ಮ ಸ್ಪರ್ಧಾದಾಗ ದಾರಿ 4 ಮೀಟರ್, ವ್ಯಾಳ್ಯಾ 3 ನಿಮಿಷ. 80 ಹೆಜ್ಜಿ. ಒಂದ ಹೆಜ್ಜಿ ಸುತ್ತಿಗೆ 2 ಸೆಕೆಂಡ್ ಆದ್ರ 160 ಸೆಕೆಂಡ್, ಒಮ್ಮೆ ಬಿದ್ರ ಮುಗೀತು. 1.6ಕ್ಕ ತಂದ್ರ 128, ಆಗ ಎಬ್ಬಿಸಿ ನಿಲ್ಲಸಲಿಕ್ಕೂ ವ್ಯಾಳ್ಯಾ ಸಿಗತದ. ಪಾದಕ್ಕ ಸೈಕಲ್ ಟ್ಯೂಬ ಕತ್ತರಿಸಿ ಅಂಟಸ್ರಿ. ಮತ್ತ ಬರೀ ನಿಂತಾಗ ಎಷ್ಟ ಆಂಪಿಯರ್ ಎಳೀತದ ನೋಡ್ರಿ. ಎರಡ ದಾಟಿದ್ರ ಕಾಲ ಒಂದಕ್ಕೊಂದ ಜಗಳಾಡಲಿಕ್ಕತ್ತಾವ ಅಂತ ತಿಳಿ, ಟ್ರಿಮ್ ಸರಿ ಮಾಡ್ರಿ.

ಎರಡನೇ ವರ್ಷದ ತಂಡಕ್ಕ ಇದ್ಯಾವ್ದೂ ಬ್ಯಾಡ. ನಿಯಮದಾಗ ಗಾಲಿ ಇರಬಾರದು ಅಂತಷ್ಟ ಅದ ಅಂದ್ರ ಅವರು ಥಿಯೋ ಯಾನ್ಸೆನ್ ಕಾಲ ಕಟ್ಟಲಿ. ಸಮುದ್ರ ದಂಡಿ ಮ್ಯಾಲ ಗಾಳಿಗೆ ನಡಿಯೂ ಪ್ರಾಣಿ ಮಾಡಿದ ಡಚ್ ಕಲಾವಿದ ಅಂವ. ಸರ್ವೋನೇ ಬೇಕಾಗಿಲ್ಲ, ಎರಡ ಗೇರ್ ಮೋಟಾರ ಸಾಕು, 12 ವೋಲ್ಟ್, 60 ಆರ್‌ಪಿಎಂ, ಎಡಕ್ಕೊಂದು ಬಲಕ್ಕೊಂದು. ಅಂವನ ಅಳತಿ ದುಪ್ಪಟ್ಟ ಮಾಡಿ ಮಿ.ಮೀ.ದಾಗ ಕೊಡ್ತೀನಿ: ಕ್ರ್ಯಾಂಕ್ (ಮೋಟಾರಿನ ಜೋಡಿ ಸುತ್ತೂ ತೋಳು) 30. ಕ್ರ್ಯಾಂಕಿನ ನಡುವಿನಿಂದ ಸ್ಥಿರ ಪಿನ್ನ ಅಡ್ಡ 76, ಕೆಳಗ 15.6. ಮ್ಯಾಲಿನ ತ್ರಿಕೋನ 83, 80.2, 111.6. ಪಾದದ ತ್ರಿಕೋನ 73.4, 131.4, 98. ಎರಡನ್ನೂ ಹೊರಗಿನ ಕಡೆ ಕೂಡಸೂ ಪಟ್ಟಿ 78.8. ಸ್ಥಿರ ಪಿನ್ನಿನಿಂದ ಪಾದದ ತ್ರಿಕೋನಕ್ಕ 78.6. ಕ್ರ್ಯಾಂಕಿನಿಂದ ಮ್ಯಾಲ 100, ಕೆಳಗ 123.8. ಒಂದ ಬದಿಗೆ ಮೂರ ಕ್ರ್ಯಾಂಕು, 120 ಡಿಗ್ರಿ ಅಂತರ, ಪ್ರತಿ ಕ್ರ್ಯಾಂಕಿಗೆ ಹಿಂದ ಮುಂದ ಎರಡ ಕಾಲು, ಒಟ್ಟ 12. ಮೂರಕ್ಕಿಂತ ಕಡಿಮಿ ಮಾಡಿದ್ರ ಕುಂಟತದ. ಒಂದೇ ನಮೂನಿ ಪಟ್ಟಿ ಎಲ್ಲಾ ಒಂದರ ಮ್ಯಾಲ ಒಂದ ಒಟ್ಟಿ ಬಿಗದು ಒಮ್ಮೆಲೇ ತೂತ ಹೊಡೀರಿ. ಅರ್ಧ ಮಿ.ಮೀ. ತಪ್ಪಿದ್ರೂ ಜಾಮ್ ಆಗತದ. ಕ್ರ್ಯಾಂಕ್ ಬರೀ ಗ್ರಬ್ ಸ್ಕ್ರೂ ಮ್ಯಾಲ ಬಿಡಬ್ಯಾಡ್ರಿ, ಶಾಫ್ಟಿಗೆ ಅಡ್ಡ ತೂತ ಹೊಡದು ಪಿನ್ನ ಹಾಕ್ರಿ, ಇಲ್ಲಾಂದ್ರ 120 ಡಿಗ್ರಿ ಜಾರಿ ಕಾಲ ಒಂದಕ್ಕೊಂದ ತೊಡಕತಾವ. ಮೋಟಾರ ನಡಸೂ ಡ್ರೈವರ್ ಬೋರ್ಡ ಎಲ್298 ಬ್ಯಾಡ, ಎರಡ ವೋಲ್ಟ್ ಅದೇ ನುಂಗತದ. ಬಿಟಿಎಸ್7960 ತರಸು.

ಇಲ್ಲಿ ಮಂದಿಗೆ ಇದರ ಹುಚ್ಚ ಬಾಳ. ಕೋಸೆನ್ ಅಂತ ಐದ ವರ್ಷದ ತಾಂತ್ರಿಕ ಕಾಲೇಜ ಅವ, ಹದಿನೈದಕ್ಕ ಸೇರತಾರ. ಅವರ ರೋಬೋಟ ಸ್ಪರ್ಧಾ 1988ರಿಂದ ನಡದದ, ಟಿವಿಯೊಳಗ ಬರತದ, ಫೈನಲ್ ಟೋಕಿಯೋದ ಸುಮೋ ಕುಸ್ತಿ ಕಟ್ಟಡ ರ್ಯೋಗೋಕು ಕೊಕುಗಿಕಾನ್‌ದಾಗ! ಕುಸ್ತಿ ಮನ್ಯಾಗ ಗೊಂಬಿ ಆಡಸತಾರ ಅಂತ ಅಪ್ಪಾಗ ಹೇಳು. ಆದ್ರ ನಮ್ಮವರೂ ಕಡಿಮಿ ಇಲ್ಲ. 2019ರ ಎಬಿಯು ರೋಬೋಕಾನ್ (ಏಷ್ಯಾ-ಪೆಸಿಫಿಕ್ ಕಾಲೇಜ ಹುಡುಗರ ರೋಬೋಟ ಸ್ಪರ್ಧಾ) ಮಂಗೋಲಿಯಾದ ಉಲಾನ್‌ಬಾತರ್‌ದಾಗ ಆದಾಗ ಎರಡನೇ ರೋಬೋಟಿಗೆ ನಾಕ ಕಾಲ ಇರಲೇಬೇಕಿತ್ತು, ಮರಳ ದಿಬ್ಬ, ಹಗ್ಗ ದಾಟಿ ಗುಡ್ಡ ಏರಬೇಕಿತ್ತು. ಆ ವರ್ಷ ನಮ್ಮ ದೇಶದ ಕಾಲೇಜಿನವರೂ ಅಂಥಾವ ಕಟ್ಟಿದ್ರು. ವಿಡಿಯೋ ನಿಧಾನ ಮಾಡಿ, ಪಾದ ಹೆಂಗ ಇಳೀತದ ಅನ್ನೂದಷ್ಟ ಹುಡುಗರಿಗೆ ತೋರಸು.

ದಿನದ ಲೆಕ್ಕ: ಸ್ಪರ್ಧಾ ಫೆಬ್ರುವರಿ 22. ಈ ತಿಂಗಳ ನಡುವಿನತನಕ ಒಂದೇ ಒಂದ ಕಾಲು ಸ್ಟ್ಯಾಂಡಿಗೆ ಹಚ್ಚಿ, ಒಂದ ಕೆಜಿ ತೂಗಬಿಟ್ಟು ಅರ್ಧ ತಾಸ ನಡಸ್ರಿ. ಅದು ತಡಕೊಂಡ್ರಷ್ಟ ಉಳಿದ ಮೂರು. ತಿಂಗಳ ಕೊನಿಗೆ ನಿಲ್ಲಬೇಕು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರಿ ಬರತದ, ಆ ವಾರ ಒಬ್ಬ ಹುಡುಗನೂ ಸಿಗೂದಿಲ್ಲ, ಸಿಟ್ಟ ಮಾಡಬ್ಯಾಡ, ಮೊದಲೇ ಬಿಟ್ಟ ಲೆಕ್ಕ ಹಾಕು. ಜನವರಿ ಮುಗಿಯೂದ್ರಾಗ 4 ಮೀಟರ್ ನಡೀಬೇಕು. ಫೆಬ್ರುವರಿ 8ಕ್ಕ ವಿನ್ಯಾಸ ಬಂದ್. ಆಮ್ಯಾಲ ಯಾರ ಎಷ್ಟ ಛಲೋ ಉಪಾಯ ತಂದ್ರೂ ಬ್ಯಾಡ ಅನ್ನೂದು ನಿನ್ನ ಕೆಲಸ. ಬರೀ ಓಡಸೂದು, ಬರದಿಡೂದು, ಒಮ್ಮೆಗೆ ಒಂದ ಬದಲಾವಣಿ. ಸ್ಕ್ರೂ ಮ್ಯಾಲ ಮಾರ್ಕರಿನಿಂದ ಗೆರಿ ಎಳೀರಿ, ಸಡ್ಲ ಆದ್ರ ದೂರದಿಂದ ಕಾಣತದ. ಪೂರಾ ಜೋಡಿಸಿದ ಒಂದ ಕಾಲು ಹುಬ್ಬಳ್ಳಿಗೆ ಹೆಚ್ಚಿಂದು ಒಯ್ಯಿರಿ. ಅಲ್ಲೆ ಫ್ಲೆಕ್ಸ್ ಹಾಸಿದ್ರ ಪಾದ ಜಾರತದ, ಮನ್ಯಾಗೇ ಹಳೇ ಫ್ಲೆಕ್ಸ್ ಹಾಸಿ ನಡಸಿ ನೋಡ್ರಿ. ಮತ್ತ ರಿಪೇರಿ ನೀ ಮಾಡಬ್ಯಾಡ. ಸ್ಕ್ರೂಡ್ರೈವರ್ ನಿನ್ನ ಕೈಯಾಗ ಇದ್ರ ಸ್ಪರ್ಧಾದ ದಿನ ಹುಡುಗರು ನಿನ್ನ ಮಾರಿ ನೋಡತಾರ, ಅಲ್ಲೆ ಮೈದಾನದೊಳಗ ನಿನ್ನ ಬಿಡೂದಿಲ್ಲ.

ರೊಕ್ಕ: ಮೊದಲ ತಂಡಕ್ಕ ಸರ್ವೋ, ಬೇರಿಂಗ್, ಬಿಇಸಿ, ಎರಡ ಬ್ಯಾಟರಿ, ಚಾರ್ಜರ್ ಎಲ್ಲಾ ಸೇರಿ 16,280. ಎರಡನೇದಕ್ಕ 6,300. ಒಟ್ಟ 22,580. ನಾ 25,000 ಕಳಸ್ತೀನಿ, ಸೋಮವಾರ ನಿನ್ನ ಖಾತೆಗೆ ಬರತದ. ನನಗ ಏನೇನೂ ತ್ರಾಸ ಇಲ್ಲ, ಖರೇನ ಇಲ್ಲ, ಇಲ್ಲೆ ಖರ್ಚೇ ಇಲ್ಲ ಅನ್ನು. ವಾಪಸ್ ಕೊಡೂ ಮಾತ ತಗೀಬ್ಯಾಡ. ಪಾಟ್ಲಿ ಕೊಟ್ಟೇ ಬಂದಿದ್ರ ಈ ರೊಕ್ಕ ಮೊದಲ ಅದಕ್ಕ ಹಾಕು, ಸಾಮಾನಿಗೆ ಬ್ಯಾರೆ ಕಳಸ್ತೀನಿ, ಆದ್ರ ನಂಗ ಖರೆ ಹೇಳು. ವೈನಿಗೆ ನಾ ಬ್ಯಾರೆ ಫೋನ್ ಮಾಡ್ತೀನಿ.

ಭೂಕಂಪದ ಸುದ್ದಿ ನೋಡಿ ಅವ್ವ ಹೆದರಬಾರದು, ಅದು ಬ್ಯಾರೆ ಕಡೆ, ಇಲ್ಲೆ ಏನೂ ಇಲ್ಲ, ಕಟ್ಟಡ ಗಟ್ಟಿ ಅವ, ನಾ ಊಟಾನೂ ಛಲೋ ಮಾಡ್ತೀನಿ. ಅಂಚಿ ಕಚೇರಿ ಬಾಗಲಾ ಹಾಕೂ ವ್ಯಾಳ್ಯಾ ಆತು, ಮುಗಸ್ತೀನಿ.

ನಿನ್ನ ತಂಗಿ,
ವಿದ್ಯಾ

ತಾ.ಕ.: ಸರ್ವೋದ ಕಂದು ತಂತಿ ಗ್ರೌಂಡ್, ಕೆಂಪ ಪಾಸಿಟಿವ್, ಕಿತ್ತಳಿ ಸಿಗ್ನಲ್. ಗುರುಬಸು ಕಳಿಸಿದ ಫೋಟೊದಾಗ ಮೂರನೇ ಕಾಲಿನ ಪ್ಲಗ್ ಉಲ್ಟಾ ಅದ, ಕರೆಂಟ್ ಕೊಡೂಕಿಂತ ಮೊದಲ ತಿರುವಿ ಹಾಕಸು.