ಶನಿವಾರ ಬೆಡ್‌ಫರ್ಡ್ ಸ್ಕ್ವೇರ್‌ಗೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಲಂಡನ್ನಿನ ಈ ಚೌಕದ ಮನೆಗಳನ್ನು 1775ರಿಂದ 1783ರ ನಡುವೆ ಕಟ್ಟಿದರು. ಆಗ ಅನುಕೂಲಸ್ಥರು ವಾಸವಿದ್ದರು, ಈಗ ಹೆಚ್ಚಿನವು ಆಫೀಸುಗಳು.

ಮೊದಲು ಮುಂಬಾಗಿಲ ಕಮಾನು ನೋಡಿ. ಅದರ ಸುತ್ತಲಿನ ಒರಟು ತುಂಡುಗಳು, ನಡುವಿನ ಮುಖದ ಕೆತ್ತನೆ ಕಲ್ಲಿನದಲ್ಲ! ಅಚ್ಚಿಗೆ ಹಾಕಿ ಸುಟ್ಟ ಜೇಡಿಮಣ್ಣು. ಎಲಿನರ್ ಕೋಡ್ ಎಂಬ ಮಹಿಳೆ ಲಂಡನ್ನಿನದೇ ಲ್ಯಾಂಬೆತ್‌ನಲ್ಲಿ ಇದರ ಕಾರ್ಖಾನೆ ನಡೆಸುತ್ತಿದ್ದರು. ಇನ್ನೂರು ವರ್ಷ ದಾಟಿದರೂ ಮೂಗು, ತುಟಿ ಸ್ಪಷ್ಟವಾಗಿವೆ. ನನಗೆ ಇಡೀ ಚೌಕದಲ್ಲಿ ಜಾಸ್ತಿ ಇಷ್ಟವಾಗುವುದು ಇದೇ.

ಕಿಟಕಿಗಳ ಎತ್ತರವನ್ನೂ ಗಮನಿಸಿ. ಮೊದಲ ಮಹಡಿಯವು ಉದ್ದ, ಅತಿಥಿಗಳನ್ನು ಕೂರಿಸುವ ಕೋಣೆ ಅಲ್ಲಿತ್ತು. ಮೇಲಕ್ಕೆ ಹೋದಂತೆ ಚಿಕ್ಕದಾಗುತ್ತವೆ. ತುತ್ತತುದಿಯಲ್ಲಿ ಕೆಲಸದವರು ಮಲಗುತ್ತಿದ್ದರು, ಅಡುಗೆಮನೆ ನೆಲಮಾಳಿಗೆಯಲ್ಲಿತ್ತು. ಈಗ ಆ ಕೋಣೆಗಳಲ್ಲೂ ಮೇಜು, ಕಂಪ್ಯೂಟರ್.

ಈ ಮನೆಗಳಿಗೆ ಗ್ರೇಡ್ 1 ರಕ್ಷಣೆ ಇದೆ, ಅಂದರೆ ಇಂಗ್ಲೆಂಡಿನಲ್ಲಿ ಹಳೆಯ ಕಟ್ಟಡಗಳಿಗೆ ಕಾನೂನು ಕೊಡುವ ಅತಿ ಮೇಲಿನ ದರ್ಜೆಯ ರಕ್ಷಣೆ. ಗೋಡೆ ಒಡೆಯಲು, ಲಿಫ್ಟ್ ಕೂರಿಸಲು ಅನುಮತಿ ಬೇಕು. ಹಳೆಯ ಮೆಟ್ಟಿಲು, ಬೆಂಕಿಗೂಡು ಉಳಿದಿರುವುದಕ್ಕೆ ಇಂಥ ಬಿಗಿಯೂ ಕಾರಣ, ಅದು ಇರಲೇಬೇಕು ಅಲ್ವಾ?

ನಡುವಿನ ತೋಟ ಖಾಸಗಿ, ಗೇಟಿಗೆ ಬೀಗ ಇರುತ್ತದೆ. ಆಫೀಸುಗಳ ಒಳಗೆ ಇಣುಕಿ ಫೋಟೊ ತೆಗೆಯಬೇಡಿ. ಬೈನಾಕ್ಯುಲರ್ ಇದ್ದವರು ತನ್ನಿ.